ದೈವಕ್ಕೆ ಪ್ಯಾನ್ ಉಂಟಾ?

ಪಂಕಜಾಕ್ಷಿ ಮಂಜೇಶ್ವರದ ನಮ್ಮ ಶಾಲೆಯ ಕ್ಲರ್ಕು, ನಾನು ಅಲ್ಲಿಯ ಟೀಚರು. ಬಾಯಾರು ಊರಿನಲ್ಲಿರುವ ಅವಳ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವದ ಪೂಜೆ ನಡೆಯುವ ಚಾವಡಿಯನ್ನು ಹೊಸದಾಗಿ ಕಟ್ಟಲೆಂದು ಕುಟುಂಬದವರೆಲ್ಲ, ಗಲ್ಫಿನಲ್ಲಿದ್ದವರೂ ಸೇರಿ, ದುಡ್ಡು ಹಾಕಿದರು. ಬ್ಯಾಂಕಿನಲ್ಲಿ ಅದನ್ನು ಯಾರ ಹೆಸರಲ್ಲಿ ಇಡುವುದೆಂಬ ಮಾತು ಬಂದಾಗ ಯಜಮಾನ ಲೋಕಯ್ಯ ಮಾವ ಇವಳತ್ತ ಕೈ ತೋರಿಸಿದರಂತೆ. ಗಂಡ ಮಕ್ಕಳಿಲ್ಲದವಳು, ದುಡ್ಡು ಬೇರೆ ಮನೆಗೆ ಹೋಗುವುದಿಲ್ಲ ಎಂದು! ಅದು ಹೊಗಳಿದ್ದೋ ಹಂಗಿಸಿದ್ದೋ ಆ ಮನುಷ್ಯನಿಗೇ ಗೊತ್ತು. ಇವಳು ಮಾತ್ರ ದೈವ ತನ್ನನ್ನೇ ಆರಿಸಿತೆಂದು ಹಿಗ್ಗಿದಳು.

ಪ್ರತಿವರ್ಷ ಆದಾಯ ತೆರಿಗೆ ರಿಟರ್ನಿನಲ್ಲಿ ಸಂಬಳವನ್ನಷ್ಟೇ ತೋರಿಸುತ್ತಿದ್ದಳು. ದೈವದ ಬಡ್ಡಿಯನ್ನು ತನ್ನ ಆದಾಯವೆಂದು ಬರೆಯುವುದು ಹೇಗೆ? ಆದರೆ ಬ್ಯಾಂಕಿಗೆ ದೈವ ಗೊತ್ತಿಲ್ಲ. ಅದು ಬಡ್ಡಿಯನ್ನೆಲ್ಲ ಇವಳ ಪ್ಯಾನ್ ನಂಬರಿಗೇ ಹಾಕಿ ಇಲಾಖೆಗೆ ತಿಳಿಸಿತ್ತು. ನೋಟೀಸು ಬಂತು.

ತೆರಿಗೆ ಕೆಲಸ ಮಾಡಿಕೊಡುವ ಶರತ್ಚಂದ್ರರ ಆಫೀಸಿಗೆ ನಾನೂ ಜೊತೆಗೆ ಹೋದೆ. ಒಂದೋ ಬಡ್ಡಿ ತನ್ನದೆಂದು ಅವಳು ಒಪ್ಪಿ ತೆರಿಗೆ ಕಟ್ಟಬೇಕು, ಬೇರೆಯವರದ್ದಾದರೆ ಅವರ ಪ್ಯಾನ್ ನಂಬರು ಕೊಡಬೇಕು ಎಂದರು.

"ದೈವಕ್ಕೆ ಪ್ಯಾನ್ ಉಂಟಾ ಟೀಚರೇ?" ಎಂದು ನನ್ನನ್ನೇ ಕೇಳಿದರು. ಬಂದ ನಗುವನ್ನು ಪಂಕಜಾಕ್ಷಿಯ ಮುಖ ನೋಡಿ ನುಂಗಿಕೊಂಡೆ.

ದುಡ್ಡು ಕುಟುಂಬದ್ದೆಂದು ಬರೆದು ಒಂದು ಸಹಿ ಹಾಕಿಕೊಡಿ ಎಂದು ಅವಳು ಮಾವನ ಕಾಲು ಹಿಡಿದಳು. ಸಹಿ ಹಾಕಿದರೆ ಇಲಾಖೆಯವರು ತನ್ನ ಲೆಕ್ಕವನ್ನೂ ಕೇಳಿಯಾರೆಂದು ಆ ಪುಣ್ಯಾತ್ಮನಿಗೆ ಹೆದರಿಕೆ. ಸಂಬಳ ಬರುತ್ತದಲ್ಲ, ಹೇಗಾದರೂ ಸುಧಾರಿಸು ಎಂದು ಕೈತೊಳೆದುಕೊಂಡರು. ಯಜಮಾನನಂತೆ, ಯಜಮಾನ!

ಗಡುವು ಹತ್ತಿರ ಬಂದಂತೆ ಅವಳು ಊಟ ಬಿಟ್ಟಳು. ಆಫೀಸಿನ ಕಪಾಟಿನ ಹಿಂದೆ ನಿಂತು ಅಳುತ್ತಿದ್ದಳು. ತೆರಿಗೆಯ ಚಿಂತೆ ಅವಳಿಗಿರಲಿಲ್ಲ. ಆ ಮನೆ, ಆ ದೈವ ಬಿಟ್ಟರೆ ತನಗೆ ಯಾರೂ ಇಲ್ಲ, 'ನನ್ನದು' ಎಂದು ಒಂದು ಸಲ ಬರೆದುಕೊಟ್ಟರೆ ಅಲ್ಲಿಗೆ ಯಾವ ಮುಖ ಹೊತ್ತು ಹೋಗಲಿ ಎಂಬುದೇ ಅವಳ ಸಂಕಟ. ಕೊನೆಗೆ ಬೇರೆ ದಾರಿ ಕಾಣದೆ ಬರೆದುಕೊಟ್ಟಳು. ತೆರಿಗೆಯನ್ನು ತನ್ನ ಸಂಬಳದಿಂದ ಕಟ್ಟಿದಳು. ದೈವದ ದುಡ್ಡನ್ನು ಮುಟ್ಟಲಿಲ್ಲ.

ಆ ವರ್ಷ ದೈವಕ್ಕೆ ತಂಬಿಲದ ಪೂಜೆ ಇದ್ದ ದಿನ, ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಕರೆದುಕೊಂಡು ಹೋದಳು. ಪೂಜೆಯಾದ ಮೇಲೆ ಮಾವ ಹಿರಿಯರಿಂದ ಕಿರಿಯರವರೆಗೆ ಸಾಲಾಗಿ ಗಂಧಪ್ರಸಾದ ಹಂಚುತ್ತ ಬಂದರು. ಪಂಕಜಾಕ್ಷಿ ಕೈ ಒಡ್ಡಿದಳು. ಅವರು ಅವಳನ್ನು ದಾಟಿ ಮುಂದಿನವರಿಗೆ ಕೊಟ್ಟರು.

"ದೈವದ ದುಡ್ಡು ತನ್ನದೂಂತ ಸರಕಾರಕ್ಕೆ ಬರೆದು ಕೊಟ್ಟವಳಿಗೆ ಇಲ್ಲಿ ಎಂತ ಉಂಟು?"

ನನಗೆ ಮೈಯೆಲ್ಲ ಉರಿಯಿತು. ಸಹಿ ಹಾಕದೆ ಅವಳಿಂದ ಬರೆಯಿಸಿದ್ದೇ ನೀವು, ತೆರಿಗೆ ಕಟ್ಟಿದ್ದು ಅವಳು ಎಂದು ಎಲ್ಲರೆದುರು ಹೇಳಿಬಿಟ್ಟೆ. ಮಾವ ಕೇಳಿಸದವರಂತೆ ಮುಂದಿನವರ ಕೈಗೆ ಗಂಧ ಹಾಕಿದರು.

ವಾಪಸು ಬರುವ ಬಸ್ಸಿನಲ್ಲಿ, ಮಂಜೇಶ್ವರ ಹತ್ತಿರವಾದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಮಾವ ಹೇಳಿದ್ದು ಇರಲಿ ಟೀಚರೇ. ದೈವವೂ ಹಾಗೆಯೇ ತಿಳಿದಿದ್ದರೆ ನಾನು ಯಾರ ಹತ್ರ ಹೇಳುವುದು?"