ಗುರುಗ್ರಹದಲ್ಲಿ ಸಿಕ್ಕಿಕೊಂಡ ಬಂಡೂರಿನ ಮಾದಣ್ಣ

"ನನ್ನ ಕೆಳಕ್ಕೆ ಇಳಿಸೋಗಂಟ ನಾನು ಉಣ್ಣಾಕೆ ಕೂರಾಕಿಲ್ಲ!"

ಹೀಗೆ ಗುಡುಗಿದವರು ಮರ ಹತ್ತಿ ಕೂತಿರಲಿಲ್ಲ. ಪೂರಿಗಾಲಿಯ ಒಂದು ತಿಥಿಮನೆಯಲ್ಲಿ, ಶಾಮಿಯಾನದ ಕೆಳಗೆ, ನನ್ನೆದುರಿಗೇ ನಿಂತಿದ್ದರು. ಬಂಡೂರಿನಲ್ಲಿ ಕುರಿ ಸಾಕುವ ಮಾದಣ್ಣ. ಆದರೆ ಅವರ ಲೆಕ್ಕದಲ್ಲಿ ಅವರಿರುವುದು ಗುರುಗ್ರಹದ ಒಂದು ಚಂದ್ರನ ಮೇಲೆ. ಹನ್ನೆರಡು ಕುರಿಗಳ ಸಮೇತ!

ಅವರನ್ನು ಅಲ್ಲಿಗೆ ಕಳಿಸಿದವರ ತಿಥಿಗೇ ನಾವೆಲ್ಲ ಸೇರಿದ್ದು. ಮರಿಸಿದ್ದಯ್ಯ ಮೇಷ್ಟ್ರು. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ, ಸಂಜೆ ಪತ್ರಿಕೆಗೆ ಕಂತು ಕಂತಾಗಿ ವಿಜ್ಞಾನದ ಕತೆ. ಅವರ ಕತೆಗಳಲ್ಲಿ ರಾಕೆಟ್ ಹೊರಡುತ್ತಿದ್ದದ್ದು ಹಲಗೂರಿನ ಬಸ್‌ಸ್ಟ್ಯಾಂಡಿನಿಂದ. ಅದೂ ಟೈಮಿಗಲ್ಲ. "ತಡೀರಿ, ಇನ್ನೊಬ್ರು ಬತ್ತಾವ್ರೆ" ಅಂತ ಯಾರಾದರೂ ಕೂಗಿದರೆ ರಾಕೆಟ್ಟೂ ಕಾಯಬೇಕು!

ಪಾತ್ರಗಳಿಗೆ ಗುರುತಿನವರ ಹೆಸರೇ ಇಡುವುದು ಮೇಷ್ಟ್ರ ಪದ್ಧತಿ. ಸುಮ್ಮನೆ ಇಡುತ್ತಿರಲಿಲ್ಲ. ಮನೆಗೆ ಹೋಗಿ, ಕಾಫಿ ಕುಡಿದು, ಒಪ್ಪಿಗೆ ಕೇಳುತ್ತಿದ್ದರು. (ಶನಿಗ್ರಹಕ್ಕೆ ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಇರುವ ಶನಿಕಾಟ ಸಾಲದೇ?) ಜೊತೆಗೊಂದು ಮಾತು ಕೊಡುತ್ತಿದ್ದರು: "ಕೊನೇ ಕಂತಿನೊಳಗೆ ನಿಮ್ಮನ್ನ ನಿಮ್ಮ ಮನೆ ಬಾಗಿಲಿಗೇ ತಂದು ಬಿಡ್ತೀನಿ." ಒಮ್ಮೆಯೂ ತಪ್ಪಿರಲಿಲ್ಲ.

ನನ್ನನ್ನೂ ಒಮ್ಮೆ ಮಂಗಳಕ್ಕೆ ಕಳಿಸಿದ್ದರು. ಡಾಕ್ಟರ್ ಮಾಡಿ! ಎಂಟನೇ ಕ್ಲಾಸಿನ ಗಣಿತದಲ್ಲಿ ಡುಮ್ಕಿ ಹೊಡೆದಿದ್ದ ಹುಡುಗಿ ನಾನು. ಅವತ್ತು ಮದ್ದೂರಿನ ಪೇಟೆಬೀದಿಯಲ್ಲಿ ಆ ಪತ್ರಿಕೆ ಹಿಡಿದುಕೊಂಡು ನಡೆದ ಗತ್ತು ನನಗೆ ಮತ್ತೆಂದೂ ಬರಲಿಲ್ಲ. ನನ್ನ ಮೇಲೆ ಅಷ್ಟೊಂದು ನಂಬಿಕೆ ಇಟ್ಟ ಮೊದಲ ಮನುಷ್ಯ ಅವರು. ಈಗ ಅವರಿಲ್ಲ.

ಮಾದಣ್ಣನ ವಿಷಯದಲ್ಲಿ ಮಾತ್ರ ಮೇಷ್ಟ್ರ ಮಾತು ನಡೆಯಲಿಲ್ಲ. ಗುರುಗ್ರಹದ ಚಂದ್ರನ ಮೇಲೆ ರಾಕೆಟ್ಟಿನ ಬ್ಯಾಟರಿ ಸತ್ತಿತು, "ಮುಂದುವರಿಯುವುದು" ಅಂತ ಅಚ್ಚಾಯಿತು, ಮೇಷ್ಟ್ರು ನಿದ್ದೆಯಲ್ಲೇ ಹೋಗಿಬಿಟ್ಟರು.

"ಅವ್ರೇನೋ ಒಂಟೋದ್ರು. ನನ್ನ ಎಸ್ರು ಅಲ್ಲೇ ನಿಂತೋಯ್ತಲ್ಲ? ಎಂಗೆ ತುತ್ತು ಇಳೀತದೆ ಏಳಿ" ಅಂದರು ಮಾದಣ್ಣ. ಅವರ ಮುಖದಲ್ಲಿ ತಮಾಷೆಯ ಎಳೆಯೂ ಇರಲಿಲ್ಲ.

ಮೇಷ್ಟ್ರ ಹೆಂಡತಿ ಸಾಕಮ್ಮನವರಿಗೆ ಬೇರೆಯೇ ಚಿಂತೆ. ತಿಥಿಗೆ ಬಂದವರು ಉಣ್ಣದೆ ಹೋಗಬಾರದು. "ನೀನು ಅಸ್ಕಂಡು ಒಂಟೋದ್ರೆ ಅವ್ರ ಜೀವಕ್ಕೆ ಸಾಂತಿ ಇರಾಕಿಲ್ಲ ಕಣಪ್ಪ" ಅಂದವರ ಕಣ್ಣು ತುಂಬಿತು. ಆಮೇಲೆ ನನ್ನ ಕಡೆ ತಿರುಗಿ, "ಪೇಪರ್‌ಗೆ ಬರೀತೀಯಲ್ಲವ್ವ, ಇಳಿಸು ಇವ್ನ!" ಅಂದರು.

ವಾರವಾರ ಲೋಕಕ್ಕೆಲ್ಲ ಬುದ್ಧಿ ಹೇಳುವ ನನಗೆ ಒಬ್ಬ ಮನುಷ್ಯನನ್ನು ಇಳಿಸುವುದೇನು ಮಹಾ? ನಿಂತಲ್ಲೇ ಬಾಯಲ್ಲೇ ಕತೆ ಮುಂದುವರಿಸಿ, ಮಂಡ್ಯದಿಂದ ಇನ್ನೊಂದು ರಾಕೆಟ್ ಬಿಟ್ಟೆ. ನಾಲ್ಕು ಸೀಟಿನದು.

"ಕುರಿ?" ಅಂದರು ಮಾದಣ್ಣ.

"ಕುರಿ ಅಲ್ಲೇ ಇರಲಿ ಬಿಡಿ..."

"ಬುಟ್ಟು ಬರಾಕೆ ಅವೇನು ಅಳೇ ಚಪ್ಲಿನಾ?"

ಮಳವಳ್ಳಿಯಿಂದ ಬಂದಿದ್ದ ಲೈನ್‌ಮ್ಯಾನ್ ಒಬ್ಬರು ಎಲೆ ಮುಂದಿನಿಂದಲೇ ಎದ್ದರು. "ಸೀಟೆಲ್ಲಾ ಕಿತ್ತಾಕಿ, ಉಲ್ಲು ಆಸಿ. ಕರೆಂಟು ನಾನು ಎಳ್ಕೊಡ್ತೀನಿ!" ಅಡುಗೆಯವರು ಸೌಟು ಹಿಡಿದುಕೊಂಡೇ ಆಕ್ಸಿಜನ್ ಎಷ್ಟು ಬೇಕು ಅಂತ ವಾದಕ್ಕಿಳಿದರು. ಅರ್ಧ ಗಂಟೆ. ಮುದ್ದೆ ಆರಿತು, ಸಾರು ಆರಿತು. ಕೊನೆಗೂ ರಾಕೆಟ್ ಹೋಯಿತು, ಇಳಿಯಿತು, ಬಾಗಿಲು ತೆರೆಯಿತು. "ಹತ್ತಿ ಮಾದಣ್ಣ!" ಅಂದೆ.

ಮಾದಣ್ಣ ಕೈ ಎತ್ತಿದರು. "ತಡೀರಿ. ಅದ್ರಾಗೆ ಒಂದು ಗಬ್ಬ ಅದೆ."

"ಕತೆಯಲ್ಲಿ ಹಾಗೇನೂ ಇಲ್ಲವಲ್ಲ?" ಅಂದೆ.

"ಮೇಸ್ಟ್ರಿಗೆ ರಾಕೆಟ್ ಗೊತ್ತಿತ್ತು ಕಣಮ್ಮ, ಕುರಿ ಗೊತ್ತಿರ್ಲಿಲ್ಲ. ತುಂಬಿದ ಗಬ್ಬನ ನಾವು ಟೆಂಪೋಗೇ ಅತ್ಸಾಕಿಲ್ಲ. ಮರಿ ಆಕೋಗಂಟ ನಾನು ಬರಾಕಿಲ್ಲ ಅಂತ ಬರ್ಕಳಿ."

ಮೊದಲು ನಕ್ಕವರು ಸಾಕಮ್ಮ. ಸೆರಗು ಬಾಯಿಗಿಟ್ಟುಕೊಂಡು, ಮೈಯೆಲ್ಲ ಕುಲುಕಿಸಿಕೊಂಡು, ಹನ್ನೊಂದು ದಿನದಲ್ಲಿ ಮೊದಲ ಸಲ. "ಅಂಗಾರೆ ಅಲ್ಲಿ ಕಾಯ್ಕಂಡಿರು. ಇಲ್ಲಿ ಬಂದು ಉಣ್ಣು!"

ಮಾದಣ್ಣ ಕೂತರು. ಎರಡು ಮುದ್ದೆ ಮುರಿದರು. (ಸಾರಿನಲ್ಲಿದ್ದ ಕುರಿ ಯಾವ ಊರಿನದು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.)

ಮೇಷ್ಟ್ರ ಬಗ್ಗೆ "ತುಂಬಲಾರದ ನಷ್ಟ" ಅಂತ ಬರೆಯಬೇಕೆಂದೇ ಆ ಊರಿಗೆ ಹೋಗಿದ್ದೆ. ಯಾರೇ ತೀರಿಕೊಂಡರೂ ನಾವು ಬರೆಯುವುದು ಅದನ್ನೇ ಅಲ್ಲವೇ? ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಒಬ್ಬ ಕತೆಗಾರನಿಗೆ ಇದಕ್ಕಿಂತ ಒಳ್ಳೆಯ ತಿಥಿ ನಾನಂತೂ ನೋಡಿಲ್ಲ.

ಮೊನ್ನೆ ಬೆಳಿಗ್ಗೆ ಮಾದಣ್ಣನ ಫೋನು. "ಅವಳಿ ಮರಿ ಕಣಮ್ಮ! ಎರಡೂ ಎಣ್ಣು!"

"ಎಲ್ಲಿ ಮಾದಣ್ಣ, ಬಂಡೂರಿನಲ್ಲಾ?"

"ಬಂಡೂರಲ್ಲಿ ಆಗಿದ್ರೆ ನಿಮಗ್ಯಾಕೆ ಫೋನ್ ಮಾಡ್ಲಿ? ರಾಕೆಟ್ ಕಳಿಸಿ!"

ಈಗ ನೀವೇ ಹೇಳಿ, ಬಾಣಂತಿ ಕುರಿಗೆ ಕಿಟಕಿ ಪಕ್ಕದ ಜಾಗ ಕೊಡುವುದೋ ಬೇಡವೋ?