ಆ ಅಂಗಳ ಯಾರದ್ದು

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿದೆ. ಮೊನ್ನೆ ಅದರ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿದ್ದರು: ‘ಬೇರೆಯವರು ಕಾದಿರಿಸಿದ ಸಮಯದಲ್ಲಿ ಒಗೆದವರಿಗೆ ತಾವು ಯಾರೆಂದು ಗೊತ್ತಿದೆ.’ ಗೊತ್ತಿತ್ತು, ನಾನೇ. ಹೆಸರಿಲ್ಲ, ಬೈಗುಳವಿಲ್ಲ. ಆದರೂ ಅಂದಿನಿಂದ ಲಿಫ್ಟಿನಲ್ಲಿ ಸಿಗುವವರ ‘ಹೇಯ್’ ಎಂಬ ನಮಸ್ಕಾರ ಕೊಂಚ ಗಿಡ್ಡವಾದಂತೆ ಕೇಳಿಸುತ್ತಿದೆ. ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ಗೆ ಬಂದು ಹನ್ನೊಂದು ವರ್ಷವಾದರೂ ಇಲ್ಲಿನವರ ಮೌನ ನನಗೆ ಅಭ್ಯಾಸವಾಗಿಲ್ಲ. ಚೀಟಿ ಓದಿದ್ದೇ ತಡ, ಅಜ್ಜಿಯ ಅಪ್ಪ ನೆನಪಾದರು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ನೀವೂ ಕೇಳಿರಬಹುದು. ಬ್ರಿಟಿಷರ ಕಾಲದಲ್ಲಿ ಕರಾವಳಿಯ ನಮ್ಮ ಕಡೆ ಕಂದಾಯ ಕಟ್ಟುವುದಿಲ್ಲ ಎಂದು ಊರಿಗೆ ಊರೇ ಹಟ ಹಿಡಿದಿತ್ತು. ಮೊದಲು ಅದು ಬರೀ ಗೊಣಗಾಟ. ಬೆಳೆ ಹೋಗಿದೆ, ಕಾಡಿಗೆ ದನ ಬಿಡುವಂತಿಲ್ಲ, ಸೊಪ್ಪು ತಂದರೆ ದಂಡ. ಆ ಗೊಣಗಾಟ ಯಾವಾಗ ‘ನೀವೇ ಬೇಡ, ಹೊರಡಿ’ ಎಂದಾಯಿತೋ ಅಜ್ಜಿಗೂ ತಿಳಿದಿರಲಿಲ್ಲ. ಸರ್ಕಾರ ಕಂದಾಯ ಕಟ್ಟದವರ ಗದ್ದೆ ಜಪ್ತಿ ಮಾಡಿ ಹರಾಜಿಗಿಟ್ಟಿತು. ಯಾರೂ ಸವಾಲು ಕೂಗಲಿಲ್ಲ. ಒಬ್ಬ ಮಾತ್ರ ಕೊಂಡ. ಗದ್ದೆ ಕಳೆದುಕೊಂಡ ಮನೆಗಳ ಹೆಂಗಸರು ಅವನ ಅಂಗಳದಲ್ಲಿ ಅನ್ನ ನೀರು ಬಿಟ್ಟು ಕೂತರು. ಮೂರನೇ ದಿನ ಅವನು ಗದ್ದೆ ಬಿಟ್ಟುಕೊಟ್ಟ.

ಸ್ಟಾಕ್‌ಹೋಮಿನ ನಮ್ಮ ಕನ್ನಡ ಕೂಟದಲ್ಲಿ ಪ್ರತಿ ಆಗಸ್ಟಿಗೂ ಈ ಕತೆ ಹೇಳುವುದು ನನ್ನ ಪಾಲು. ‘ನಮ್ಮಜ್ಜಿ ಕಣ್ಣಾರೆ ಕಂಡದ್ದು’ ಎಂದು ಶುರುಮಾಡುತ್ತೇನೆ. ಕೂಟದ ಹಿರಿಯರೊಬ್ಬರು ಪ್ರತಿ ಸಲವೂ, “ಹೋರಾಟಗಾರರ ಫ್ಯಾಮಿಲಿ ಕಣ್ರೀ ನಿಮ್ದು” ಎನ್ನುತ್ತಾರೆ. ನಾನು ತಲೆ ತಗ್ಗಿಸುತ್ತೇನೆ, ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ನಾನೇನೂ ಸುಳ್ಳು ಹೇಳಿದವಳಲ್ಲ. ಅಂಗಳ ಯಾರದ್ದೆಂದು ಹೇಳಲಿಲ್ಲ, ಅಷ್ಟೆ. ಗದ್ದೆ ಕೊಂಡವರು ಅಜ್ಜಿಯ ಅಪ್ಪ. ನನ್ನಮ್ಮನೂ ಅದನ್ನು ಹೀಗೆಯೇ ನುಂಗಿಕೊಂಡು ಹೇಳುತ್ತಿದ್ದಳು.

ಈ ಸಲ ಕತೆ ಹೇಳುವ ಸರದಿ ನನ್ನ ಒಂಬತ್ತು ವರ್ಷದ ಮಗಳದು. ಶನಿವಾರ ಅಡುಗೆಮನೆಯ ಮೇಜಿನ ಮೇಲೆ ಚಿತ್ರ ಬರೆಯುತ್ತಿದ್ದಳು. ಮನೆ, ಅಂಗಳ, ಸಾಲಾಗಿ ಕೂತ ಹೆಂಗಸರು. ಪೆನ್ಸಿಲ್ ನಿಂತಿತು.

“ಮಮ್ಮಾ, ಮುತ್ತಜ್ಜಿನ ಎಲ್ಲಿ ಹಾಕ್ಲಿ?”

“ಎಲ್ಲಾದ್ರೂ ಹಾಕು ಕಣೇ.”

“ಮೆನ್ ಮಮ್ಮಾ, ಅವ್ಳು ನೋಡಿದ್ಲಲ್ಲ. ಎಲ್ಲಿಂದ?”

ಮೆನ್ ಎಂದರೆ ಸ್ವೀಡಿಷಿನಲ್ಲಿ ‘ಆದರೆ’. ಇವಳ ವಾದವೆಲ್ಲ ಅಲ್ಲಿಂದಲೇ ಶುರು. ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದೆ. ಕೊನೆಗೆ ಹೇಳಿದೆ, “ಬಾಗಿಲ ಹಿಂದೆ. ಒಳಗೆ.”

ಆಗ ಅಜ್ಜಿ ಇವಳಷ್ಟೇ ಇದ್ದಳು. ತನ್ನಮ್ಮ ಬಡಿಸಿದ್ದನ್ನು ಉಂಡಳಂತೆ. ಎರಡನೇ ದಿನ ತಡೆಯಲಾರದೆ ಚೊಂಬು ಹಿಡಿದು ಹೊರಗೆ ಹೋದಳು. “ನಿಮ್ಮನೆ ನೀರು ಬ್ಯಾಡ ಅಂದ್ರು ಮಗಾ. ಒಬ್ರೂ ಬೈಲಿಲ್ಲ. ಬೈದಿದ್ರೆ ತಡಕಂತಿದ್ದೆ,” ಎನ್ನುತ್ತಿದ್ದಳು. ಅವಳಪ್ಪನ ಕೈಯಲ್ಲಿ ಸರ್ಕಾರದ ಮೊಹರಿನ ಕಾಗದವಿತ್ತು. ಆದರೆ ಕ್ಷೌರದವನು ಬರುತ್ತಿರಲಿಲ್ಲ, ಒಲೆಗೆ ಕೆಂಡ ಕೊಡುವವರಿರಲಿಲ್ಲ. ದೊರೆಗಳು ಹೋದದ್ದು ಎಷ್ಟೋ ವರ್ಷದ ಮೇಲೆ. ನಮ್ಮೂರಿನ ಮಟ್ಟಿಗೆ ಅವರ ಆಳ್ವಿಕೆ ಆ ಮೂರು ದಿನದಲ್ಲೇ ಮುಗಿಯಿತೆಂದು ನನಗನಿಸುತ್ತದೆ.

ಇಷ್ಟನ್ನೂ ಮಗಳಿಗೆ ಹೇಳಿದೆ. “ಸೋ, ನಾವು ಬ್ಯಾಡ್ ಗೈಸಾ?”

“ಹ್ಞೂಂ. ಮೂರು ದಿನ.”

ಅವಳು ಬಾಗಿಲ ಹಿಂದೆ ಒಬ್ಬ ಪುಟ್ಟ ಹುಡುಗಿಯನ್ನು ಬರೆದಳು. “ಇದನ್ನ ಅಲ್ಲಿ ಹೇಳ್ಲಾ? ಅಂಕಲ್‌ಗಳೆಲ್ಲ ಇರ್ತಾರೆ.”

ಹನ್ನೊಂದು ವರ್ಷದ ಗೌರವ ನನ್ನದು. ಬೇಡ ಎನ್ನಲು ಬಾಯಿ ತೆರೆದೆ. ಅವಳು ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತಿದ್ದಳು. “ಹೇಳು,” ಎಂದೆ.

ಭಾನುವಾರ ಕೂಟದಲ್ಲಿ ಅವಳು ಚಿತ್ರ ಎತ್ತಿ ಹಿಡಿದು, ತಡವರಿಸುವ ಕನ್ನಡದಲ್ಲಿ, “ಈ ಅಂಗಳ ನಮ್ದು. ಕೂತಿರೋರು ನಮ್ಮೋರಲ್ಲ,” ಎಂದಳು. ಚಪ್ಪಾಳೆ ಬಂತು, ಆದರೆ ಅಲ್ಲೊಂದು ಇಲ್ಲೊಂದಾಗಿ ಬಂತು. ನನಗೆ ನಾಚಿಕೆಯಾಯಿತು. ಮಗಳ ಬಗ್ಗೆ ಹೆಮ್ಮೆಯೂ ಆಯಿತು.

ಆಮೇಲೆ ಫೀಕಾ, ಇಲ್ಲಿನವರ ಕಾಫಿ-ತಿಂಡಿಯ ಹೊತ್ತು. ಎರಡು ಲೋಟ ಕಾಫಿ ತುಂಬಿಸಿ, ಒಂದನ್ನು ಆ ಹಿರಿಯರ ಕಡೆ ಚಾಚಿದೆ. ಅವರು ಗೋಡೆಗೆ ಒರಗಿಸಿಟ್ಟಿದ್ದ ಚಿತ್ರವನ್ನೇ ನೋಡುತ್ತಿದ್ದರು.

“ತಗೊಳ್ಳಿ,” ಎಂದೆ.

ಕೈ ಚಾಚಲು ಅವರು ಸ್ವಲ್ಪ ತಡಮಾಡಿದರು. ಅಷ್ಟರಲ್ಲಿ ಅಜ್ಜಿಯ ಚೊಂಬು ನೆನಪಾಗಿ ನನಗೆ ಅಳು ಬಂದಿತ್ತು.