ಗಿರಿಜವ್ವ ಮತ್ತು ಖಾಡಿಯ ನಾಗಬನ

ಗಿರಿಜವ್ವನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಮುಂಬ್ರಾದ ಆ ಚಾಳಿನಲ್ಲಿ ನಳದ ಸರದಿ ತಪ್ಪಿಸಿ ಕೊಡ ಇಟ್ಟವಳಿಗೂ, ಸಾರಿಗೆ ಉಪ್ಪು ಬಿದ್ದಿಲ್ಲವೆಂದು ಗೊತ್ತಾಗದೆ ಉಂಡೆದ್ದ ಗಂಡನಿಗೂ ಅದರ ಪಾಲು ಸಮನಾಗಿ ಸಿಗುತ್ತಿತ್ತು. ಅಂಥ ಸಿಟ್ಟು ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿ ಇಳಿಯುತ್ತಿತ್ತು. ಜನ್ಮದಲ್ಲಿ ಇಳಿಯದೆ ಉಳಿದದ್ದು ಒಂದೇ ಒಂದು. ಅದನ್ನು ಅವಳಿಗೆ ಕೊಟ್ಟವರು ಅವಳ ಜೊತೆಗೇ ನಿಂತು ಹಕ್ಕಿ ಕಾದ ಒಳ್ಳೆಯ ಜನ.

ಅವಳು ಬಿಜಾಪುರದ ಇಂಡಿ ಕಡೆಯವಳು. ಗಂಡ ಅಮೃತಪ್ಪ ಕಲ್ಯಾಣದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ, ದೇವರಂಥ ಮನುಷ್ಯ, ಅಂದರೆ ಕರೆದರೆ ಓ ಎನ್ನದವನು. ಮದುವೆಯಾಗಿ ಬಂದಾಗ ಚಾಳಿನ ಹಿಂದೆಯೇ ಖಾಡಿ, ಅಂದರೆ ಸಮುದ್ರದ ಹಿನ್ನೀರು. ದಿನಕ್ಕೆರಡು ಸಲ ಉಪ್ಪುನೀರು ಗೋಡೆಯ ಹತ್ತಿರದವರೆಗೆ ಬಂದು, ಏನನ್ನೋ ಮರೆತವರಂತೆ ಹಿಂದಿರುಗುತ್ತಿತ್ತು. ಆ ರಾಡಿಯಲ್ಲಿ ಕಾಲೂರಿ ನಿಂತ ಗಿಡಗಳಿಗೆ ಮರಾಠಿಯವರು ತಿವರ ಎನ್ನುತ್ತಿದ್ದರು, ಉಡುಪಿಯವರು ಕಾಂಡ್ಲ ಎನ್ನುತ್ತಿದ್ದರು. ಗಿರಿಜವ್ವ ಏನೂ ಎನ್ನುತ್ತಿರಲಿಲ್ಲ, ನೋಡುತ್ತಿದ್ದಳು. ಮಳೆ ಹಿಡಿದ ಕೂಡಲೇ ಬೆಳ್ಳಕ್ಕಿಗಳು ಬಂದು ಅದರ ತುಂಬ ಗೂಡು ಕಟ್ಟುತ್ತಿದ್ದವು. ಆ ಗದ್ದಲ, ಆ ಮೀನಿನ ನಾತ ಚಾಳಿನವರಿಗೆಲ್ಲ ಬೇಸರ. ಅವಳಿಗೆ ಮಾತ್ರ ತುಂಬಿದ ಮನೆಯ ಸದ್ದು ಕೇಳಿದಂತಾಗುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ.

ಎಪ್ಪತ್ತಾರರ ಮಳೆಗಾಲದಲ್ಲಿ ಒಂದಿಬ್ಬರು ಗಂಡಸರು ಮರಿಗಳನ್ನು ಗೋಣಿಚೀಲಕ್ಕೆ ತುಂಬಿಕೊಳ್ಳುವುದನ್ನು ಕಂಡು, ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಹೋಗಿ ಒಬ್ಬನ ಕೆನ್ನೆಗೆ ಬಾರಿಸಿದಳು. ಚೀಲ ಬಿಟ್ಟು ಓಡಿದರು. ಸುದ್ದಿ ಲೋಕಲ್ ಗಾಡಿ ಹತ್ತಿ ಠಾಣೆ ಸ್ಟೇಶನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದ ಮುಂಡಪ್ಪನನ್ನು ಮುಟ್ಟಿತು. ಅವನು ಕಾರ್ಕಳ ಕಡೆಯವನು, ಹಕ್ಕಿಯೆಂದರೆ ಜೀವ. ಮರುವಾರ ಅವನೂ, ಬ್ಯಾಂಕಿನಲ್ಲಿದ್ದ ಜಯಲತಾ ಎಂಬ ಹೆಂಗಸೂ, ಕನ್ನಡ ಸಂಘದ ಇನ್ನೂ ಹತ್ತಾರು ಜನರೂ ಬಂದು ಅವಳನ್ನು ನೋಡಿಕೊಂಡು ಹೋದರು. ಹೀಗೆ ಖಾಡಿ ಪಕ್ಷಿಮಿತ್ರ ಮಂಡಳಿ ಹುಟ್ಟಿತು.

ಭಾನುವಾರಗಳಂದು ಮಂಡಳಿಯವರು ಖಾಡಿಯ ದಂಡೆ ಕಾಯುತ್ತಿದ್ದರು. ಗೂಡಿನಿಂದ ಬಿದ್ದ ಮರಿಯನ್ನು ಮೇಲಿಡುವುದು, ಕಟ್ಟಿಗೆ ಕಡಿಯುವವರನ್ನು ಗದರಿಸುವುದು, ಸರಕಾರಕ್ಕೆ ಅರ್ಜಿ ಬರೆದು ಈ ಜಾಗವನ್ನು ಹಕ್ಕಿಗಳಿಗೇ ಬಿಟ್ಟುಕೊಡಿ ಎಂದು ಕೇಳುವುದು. ವಾರದ ಉಳಿದ ದಿನ ಎಲ್ಲರಿಗೂ ಆಫೀಸು, ಗಲ್ಲಾ. ಕಾವಲಿಗೆ ಗಿರಿಜವ್ವ ಒಬ್ಬಳೇ. ಠಾಣೆಯಲ್ಲಿ ಹಳೆಯ ಕಟ್ಟಡ ಒಡೆದ ಮಣ್ಣು ಕಲ್ಲು ತಂದು ತಿವರದ ಮೇಲೆ ಸುರಿಯುವ ಲಾರಿಗಳು ಬಂದಾಗ ಅವಳು ದಾರಿಯ ನಟ್ಟನಡುವೆ ಮಣೆ ಹಾಕಿ, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತುಬಿಡುತ್ತಿದ್ದಳು. ಹಾರನ್ ಬಾರಿಸಿದ ಡ್ರೈವರನಿಗೆ, ಇಷ್ಟು ಮುಗಿಸಿ ಏಳುತ್ತೇನೆ ಎಂದು ತನಗೆ ಬಂದ ಹಿಂದಿಯಲ್ಲಿ ಹೇಳುವಳು. ಮುಗಿದ ಮೇಲೆ ಆರಿಸಿದ ಹರಳನ್ನೆಲ್ಲ ಮತ್ತೆ ಜೋಳಕ್ಕೆ ಸುರಿದು ಮೊದಲಿನಿಂದ ಶುರುಮಾಡುವಳು.

ಆದರೆ ಹೆಂಗಸಿಗೆ ಜ್ವರ ಬರುತ್ತದೆ, ನೆಂಟರ ಮದುವೆ ಬರುತ್ತದೆ. ಅವಳು ಊರಿಗೆ ಹೋಗಿ ಬರುವಷ್ಟರಲ್ಲಿ ತಿವರದ ಒಂದು ಮೂಲೆ ಲಾರಿಯ ಮಣ್ಣಿನಡಿ ಮುಚ್ಚಿಹೋಗಿತ್ತು. ಆಗ ಮುಂಡಪ್ಪ ಒಂದು ಉಪಾಯ ತಂದ. ಅವನ ಊರಲ್ಲಿ ನಾಗನ ಕಲ್ಲಿರುವ ತೋಪಿಗೆ ನಾಗಬನ ಎನ್ನುತ್ತಾರೆ. ಅಲ್ಲಿ ಒಣಗಿ ಬಿದ್ದ ಕೊಂಬೆಯನ್ನೂ ಯಾರೂ ಒಲೆಗೆ ಒಯ್ಯುವುದಿಲ್ಲ.

"ಒಂದು ಕಲ್ಲು ಇಡುವ ಗಿರಿಜಕ್ಕ," ಎಂದ. "ನಾಗನ ಬನಕ್ಕೆ ಕತ್ತಿ ತಾಗಿಸುವ ಧೈರ್ಯ ಯಾರಿಗುಂಟು ಹೇಳಿ?"

ಜಯಲತಾಳಿಗೆ, ಉಳಿದ ಕರಾವಳಿಯವರಿಗೆಲ್ಲ ಇದು ಸರಿಯೆನಿಸಿತು. ಗಿರಿಜವ್ವ ಮಾತ್ರ ಮೂಗು ಮುರಿದಳು. "ದೇವರನ್ನ ವಾಚ್‌ಮನ್ ಮಾಡಬ್ಯಾಡ್ರಿ ಮುಂಡಪ್ಪನವರ. ನಾಳಿ ವಾಚ್‌ಮನ್‌ಗ ಖೋಲಿ ಕಟ್ಟಿಸಬೇಕಾಗ್ತದ."

ಎಲ್ಲರೂ ನಕ್ಕರು. ಕಾರ್ಕಳದ ಶಿಲ್ಪಿ ಕೆತ್ತಿದ ಕಲ್ಲು ಊರಿನ ಬಸ್ಸಿನಲ್ಲಿ ಬಂತು. ತಿವರದ ಅಂಚಿನ ಎತ್ತರದ ನೆಲದಲ್ಲಿ ಅದನ್ನು ನಿಲ್ಲಿಸಿ ಹಾಲೆರೆದರು. ಮುಂಡಪ್ಪ ಹೇಳಿದಂತೆಯೇ ಆಯಿತು. ಬಂದ ಲಾರಿ ಡ್ರೈವರ್ ಹೆಡೆ ಕಂಡು ಕೈಮುಗಿದು ರಿವರ್ಸ್ ಹಾಕಿದ. ಕಟ್ಟಿಗೆಯವರು ಕೊಡಲಿ ಹೆಗಲಿಗೇರಿಸಿ ದಿವಾ ಕಡೆಗೆ ಹೋದರು. ಎರಡು ಮಳೆಗಾಲ ಹಕ್ಕಿಗಳು ಹಿಂದೆಂದೂ ಇಲ್ಲದಷ್ಟು ಗೂಡು ಕಟ್ಟಿದವು. ತನ್ನ ಮಾತು ಸುಳ್ಳಾಯಿತೆಂದು ಗಿರಿಜವ್ವ ಸಂತೋಷಪಟ್ಟ ಸಂದರ್ಭ ಅದೊಂದೇ.

ಆಮೇಲೆ ಭಕ್ತರು ಬರತೊಡಗಿದರು. ಮೊದಲು ವಿಠ್ಠಲವಾಡಿಯ ಒಂದು ಕುಟುಂಬ, ಮಗಳಿಗೆ ಗಂಡು ಸಿಕ್ಕಿತೆಂದು. ಆಮೇಲೆ ಡೊಂಬಿವಲಿಯಿಂದ, ಕಲ್ಯಾಣದಿಂದ ತಂಡತಂಡವಾಗಿ. ಪಂಚಮಿಯ ದಿನ ಚಪ್ಪಲಿ ಬಿಡಲು ಜಾಗವಿಲ್ಲ. ಭಕ್ತಿ ಬಂದರೆ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಎನ್ನುವವರು ಬೇಕಾದರೆ ಅಂದುಕೊಳ್ಳಲಿ. ಚೆನ್ನಾಗಿ ಕಾಣುತ್ತದೆ. ಜಾಗ ಕಾಣುತ್ತದೆ, ದಾರಿ ಕಾಣುತ್ತದೆ, ಎಲ್ಲಿ ಮೈಕು ಕಟ್ಟಬಹುದೆಂದು ಕಾಣುತ್ತದೆ. ಹೆಂಗಸರ ಕಾಲಿಗೆ ಕೆಸರು ಹತ್ತುತ್ತದೆಂದು ಮಂಡಳಿಯವರೇ ದಾರಿಗೆ ಮಣ್ಣು ಹಾಕಿಸಿದರು. ಹಾಕಲು ಬಂದದ್ದು ಅದೇ ಲಾರಿಗಳು, ಅದೇ ಕಟ್ಟಡ ಒಡೆದ ಮಣ್ಣು. ಗಿರಿಜವ್ವ ಕೇಳಿದ್ದಕ್ಕೆ, ಇದು ದೇವರ ಕೆಲಸವಲ್ಲವೇ ಎಂದು ಜಯಲತಾ ಮೃದುವಾಗಿ ತಿಳಿಹೇಳಿದಳು.

ಕಡೆಗೆ ತಕರಾರು ಹಕ್ಕಿಗಳ ಮೇಲೆಯೇ ಬಂತು. ಅವು ನಾಗನ ಹೆಡೆಯ ಮೇಲೆ ಹಿಕ್ಕೆ ಹಾಕುತ್ತವೆ, ಅರ್ಧ ತಿಂದ ಮೀನು ಬೀಳಿಸುತ್ತವೆ. ನಾಗನಿಗೆ ಮೈಲಿಗೆ. ಬನದ ಮರ ಕಡಿಯುವಂತಿಲ್ಲ ಎಂಬ ಕಟ್ಟಳೆ ಮುಂಡಪ್ಪನಿಗೆ ಗೊತ್ತು. ಅದನ್ನು ದಾಟುವ ದಾರಿಯೂ ಗೊತ್ತಿತ್ತು. ಡೊಂಬಿವಲಿಯ ಭಟ್ಟರನ್ನು ಕರೆಸಿ ಕವಡೆ ಹಾಕಿ ಪ್ರಶ್ನೆ ಇಡಿಸಿದ. ಮರ ತೆಗೆದು ಕಾಂಕ್ರೀಟಿನ ಕಟ್ಟೆ ಕಟ್ಟಿದರೆ ನಾಗನಿಗೆ ಪೂರ್ಣ ತೃಪ್ತಿ ಎಂದು ಕಂಡುಬಂತು. ಕಡಿಯಲಿರುವ ಮರಗಳಿಗಾಗಿ ಮುಂಚಿತವಾಗಿಯೇ ತಪ್ಪುಕಾಣಿಕೆ ಕಟ್ಟಿಟ್ಟು ಕೈಮುಗಿದರು. ಮಾಡದ ಪಾಪಕ್ಕೆ ಅಡ್ವಾನ್ಸ್ ಕೊಟ್ಟು ರಸೀದಿ ಪಡೆಯುವ ಈ ಜಾಣತನ ಬೇರೆ ಯಾರಿಗಾದರೂ ಹೊಳೆದೀತೇ?

ಪಂಚಮಿಗೆ ಮೊದಲೇ ಮುಹೂರ್ತ. ಗೂಡುಗಳಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿಗಳು. ಗಿರಿಜವ್ವ ಜನ್ಮದಲ್ಲಿ ಮೊದಲ ಸಲ ದನಿ ತಗ್ಗಿಸಿ ಬೇಡಿಕೊಂಡಳು. "ದಸರಾ ತನಕ ತಡೀರಿ. ಮರಿ ಹಾರಿಹೋಗ್ತಾವ. ಆಮ್ಯಾಲ ನಿಮಗ ತಿಳಿದಂಗ ಮಾಡ್ರಿ." ಭಟ್ಟರು ಕೊಟ್ಟ ದಿನ ದಾಟಿದರೆ ದೋಷ ಎಂದು ಮುಂಡಪ್ಪ ಕಣ್ಣು ತಪ್ಪಿಸಿದ. ಅವಳು ಮನೆಗೆ ಹೋದಳು.

ಮುಹೂರ್ತದ ಬೆಳಿಗ್ಗೆ ಮಣೆ, ಮೊರ ಹಿಡಿದು ದಾರಿಯ ನಡುವೆ ಬಂದು ಕೂತಳು. ಸಿಮೆಂಟು, ಕೂಲಿಗಳು ತುಂಬಿದ್ದ ಲಾರಿ ನಿಂತಿತು. ಯಾರೂ ಅವಳನ್ನು ಬೈಯಲಿಲ್ಲ. ಜಯಲತಾ ನಾಲ್ಕು ಹೆಂಗಸರೊಡನೆ ಬಂದು ಅವಳ ಹಣೆಗೆ ಕುಂಕುಮವಿಟ್ಟು, ಮಲ್ಲಿಗೆ ಮುಡಿಸಿ, ಪಕ್ಕದಲ್ಲೇ ಕೂತು ತಾನೂ ಜೋಳದ ಹರಳು ಆರಿಸತೊಡಗಿದಳು. ಮನಸ್ಸು ಬದಲಾಗಿದೆಯೆಂದೇ ಗಿರಿಜವ್ವ ತಿಳಿದಳು. ಊರಿನ ಮಾತು, ಅಡಿಗೆಯ ಮಾತು ಆಡುತ್ತ ಹೊತ್ತು ಹೋಯಿತು. ಆಗ ಖಾಡಿಯ ಕಡೆಯಿಂದ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಕಿರುಚುತ್ತ ಮೇಲೆದ್ದವು. ಸಮುದ್ರದ ಏರಿಳಿತ ನೋಡಿ ಬೆಳೆದ ಮುಂಡಪ್ಪ, ಭರತದ ಏರುನೀರಿನಲ್ಲಿ ಮರ ಕಡಿಯುವವರನ್ನು ದೋಣಿಯಲ್ಲಿ ಹಿಂದಿನಿಂದ ತಂದಿದ್ದ. ಜಯಲತಾ ತಲೆಯೆತ್ತದೆ ಹರಳು ಆರಿಸುತ್ತಲೇ ಇದ್ದಳು.

ಗಿರಿಜವ್ವ ಮೊಣಕಾಲು ಮುಟ್ಟುವ ಕೆಸರುನೀರಲ್ಲಿ ಓಡಿದಳು. ತಲುಪುವಷ್ಟರಲ್ಲಿ ಅರ್ಧ ತೋಪು ಮಲಗಿತ್ತು. ಸಿಕ್ಕಷ್ಟು ಮರಿಗಳನ್ನು ಸೀರೆಯ ಉಡಿಗೆ ತುಂಬಿಕೊಂಡಳು. ಹೆಚ್ಚಿನವು ಸತ್ತಿದ್ದವು, ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ಹಾಗೇ ನಡೆದು, ಪೂಜೆಗೆ ಕೂತ ಭಟ್ಟರನ್ನು ದಾಟಿ, ಹಾಲು ಎಳನೀರಿನ ನಡುವೆ ನಾಗನ ಮುಂದೆ ಉಡಿ ಕೊಡವಿದಳು. ಮೈಲಿಗೆಯೆಂದು ಭಟ್ಟರು ಎದ್ದುನಿಂತರು. ಅವಳು ನೋಡಿದ್ದು ಮುಂಡಪ್ಪನನ್ನು.

"ಮರ ಕಡ್ಯಾಕ ಅಪ್ಪಣಿ ಕೇಳಿದ್ರಿ. ಇವನ್ನ ಕೊಲ್ಲಾಕ ಯಾರನ್ನ ಕೇಳಿದ್ರಿ?"

ಮುಂಡಪ್ಪನ ಕಣ್ಣಲ್ಲಿ ನೀರಿತ್ತು, ಅದು ನಿಜ. ಆದರೆ ಕೆಲಸ ನಿಲ್ಲಿಸಿರೆಂದು ಅವನು ಹೇಳಲಿಲ್ಲ, ಅದೂ ನಿಜ. ಪುಣ್ಯಾಹ ಮಾಡಿಸಿ ನೆಲ ತೊಳೆಸಿದರು. ಸಂಜೆಯೊಳಗೆ ಕಟ್ಟೆಯ ತಳಪಾಯ ಬಿತ್ತು.

ಮುಂದಿನ ಮಳೆಗಾಲ ಒಂದು ಹಕ್ಕಿಯೂ ಅಲ್ಲಿಗೆ ಬರಲಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಮುಂಡಪ್ಪ ಕೊಡೆ ಹಿಡಿದು ಚಾಳಿಗೆ ಬಂದ. ಸೊರಗಿದ್ದ. ಅಮೃತಪ್ಪ ಕುರ್ಚಿ ಕೊಟ್ಟ, ಗಿರಿಜವ್ವ ಚಹಾ ಕೊಟ್ಟಳು. ಅಂದಿನಿಂದ ನಿದ್ದೆಯಿಲ್ಲ, ಕಟ್ಟೆಯ ಕಡೆ ಹೋಗಲು ಮನಸ್ಸೇ ಬರುವುದಿಲ್ಲ ಎಂದು ಅವನು ಹೇಳಿಕೊಂಡ. ಅವಳು ಸುಳ್ಳೆಂದುಕೊಳ್ಳಲಿಲ್ಲ.

"ಹಕ್ಕಿಗಳು ಮತ್ತೆಲ್ಲಾದರೂ ಕೂತಿವೆಯಾ ಗಿರಿಜಕ್ಕ? ನಿಮಗೆ ಗೊತ್ತಿಲ್ಲದೆ ಇರ್ಲಿಕ್ಕಿಲ್ಲ. ಹೇಳಿ, ಮಂಡಳಿಯವರೆಲ್ಲ ಹೋಗಿ ಕಾಯುವ. ಈ ಸಲ ಸರಿಯಾಗಿ ಕಾಯುವ."

ಅವಳಿಗೆ ಗೊತ್ತಿತ್ತು. ದಿವಾದ ಆಚೆ, ರೈಲಿನ ಕಿಟಕಿಗೂ ಕಾಣದ ಒಂದು ತಿರುವಿನಲ್ಲಿ ಹೊಸ ಗೂಡುಗಳಿದ್ದವು. ವಾರಕ್ಕೊಮ್ಮೆ ತರಕಾರಿ ಚೀಲ ಹಿಡಿದು ಹೋಗಿ ದೂರದಿಂದ ನೋಡಿ ಬರುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ.

"ನೀವು ಕಾಯಬ್ಯಾಡ್ರಿ ಮುಂಡಪ್ಪನವರ," ಎಂದಳು. "ಅಷ್ಟು ಮಾಡಿದ್ರ ಸಾಕು."

ಅವನು ಚಹಾ ಪೂರ್ತಿ ಕುಡಿಯದೆ ಎದ್ದ. ಗಿರಿಜವ್ವ ಬಾಗಿಲವರೆಗೂ ಹೋಗಲಿಲ್ಲ.